ಮಿಡತೆಗೆ ತನ್ನ ಹೆಸರು ಕೊಟ್ಟ ವಿಜ್ಞಾನಿ: ಡಾ. ಲೆಸ್ಲಿ ಕೋಲ್ಮನ್

ಮಕ್ಕಳೇ, ನೀವೆಲ್ಲ ಮಿಡತೆಯನ್ನು ನೋಡಿದ್ದೀರಿ. ಹೊಲದ ಬದುವಿನ ಮೇಲೆ ನಡೆದು ಹೋಗುವಾಗ ಹುಲ್ಲಿನೊಳಗಿಂದ ಚಂಗನೆ ನೆಗೆದು ದೂರ ಕೂರುತ್ತದೆ. ಹಿಡಿಯಲು ಹೋದರೆ ಮತ್ತೆ ನೆಗೆಯುತ್ತದೆ. ಮಿಡತೆಗಳಲ್ಲಿ ಸಾವಿರಾರು ಬಗೆಗಳಿವೆ. ಅವುಗಳಲ್ಲಿ ಒಂದು ಬಗೆ ನಮ್ಮ ಜೋಳದ ಹೊಲಗಳಲ್ಲಿ ಕಾಣಸಿಗುತ್ತದೆ. ಅದರ ವೈಜ್ಞಾನಿಕ ಹೆಸರು ಕೋಲ್ಮೇನಿಯ ಸ್ಫೀನರಿಯಾಯ್ಡಿಸ್. ಹೆಸರಿನ ಮೊದಲ ಭಾಗವನ್ನು ಇನ್ನೊಮ್ಮೆ ಓದಿ. ಕೋಲ್ಮೇನಿಯ! ಇದು ಯಾವ ಭಾಷೆಯ ಪದ? ಇದು ಪದವಲ್ಲ, ಒಬ್ಬ ಮನುಷ್ಯನ ಹೆಸರು. ಆ ಮನುಷ್ಯ ಹುಟ್ಟಿದ್ದು ಚಿತ್ರದುರ್ಗದಲ್ಲೂ ಅಲ್ಲ, ಮೈಸೂರಿನಲ್ಲೂ ಅಲ್ಲ. ಭೂಮಿಯ ಆಚೆ ಬದಿಯಲ್ಲಿರುವ ಕೆನಡಾ ದೇಶದಲ್ಲಿ.

ಕೆನಡಾದವರ ಹೆಸರು ನಮ್ಮ ಜೋಳದ ಮಿಡತೆಗೆ ಹೇಗೆ ಬಂತು? ಬನ್ನಿ, ಆ ಕಥೆಯನ್ನು ತಿಳಿಯೋಣ.

ಊರು ಬಿಡುವುದೆಂದರೆ

ನಿಮ್ಮ ಊರಿನಲ್ಲಿ ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋದವರು ಇದ್ದಾರೆಯೇ? ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಮಳೆ ಕೈಕೊಟ್ಟ ವರ್ಷ ಎಷ್ಟೋ ಮನೆಗಳ ಬಾಗಿಲಿಗೆ ಬೀಗ ಬೀಳುತ್ತದೆ. ಅಪ್ಪ, ಅಮ್ಮ, ಚಿಕ್ಕ ಮಕ್ಕಳು ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೋ ಮಲೆನಾಡಿನ ಕಾಫಿ ತೋಟಗಳಿಗೋ ಹೋಗುತ್ತಾರೆ. ಇದನ್ನೇ ಗುಳೆ ಹೋಗುವುದು ಎನ್ನುತ್ತೇವೆ. ನಿಮ್ಮ ತರಗತಿಯಲ್ಲೂ ಹಾಗೆ ಹೋಗಿ ಬಂದ ಗೆಳೆಯ ಗೆಳತಿಯರು ಇರಬಹುದು. ಹೊಸ ಊರಿನಲ್ಲಿ ದಾರಿ ಗೊತ್ತಿರುವುದಿಲ್ಲ, ಜನರ ಗುರುತಿರುವುದಿಲ್ಲ. ಕೆಲವೊಮ್ಮೆ ಮಾತೂ ತಿಳಿಯುವುದಿಲ್ಲ. ಆದರೂ ದುಡಿದು ಅಲ್ಲಿ ಒಂದು ನೆಲೆ ಕಂಡುಕೊಳ್ಳಬೇಕು.

ಬೇರೆ ಊರಿಗೆ ಹೋಗುವುದೇ ಇಷ್ಟು ಕಷ್ಟವಾದರೆ ಬೇರೆ ದೇಶಕ್ಕೆ ಹೋಗುವುದು ಹೇಗಿದ್ದೀತು? ಅದೂ ವಿಮಾನಗಳಿಲ್ಲದ, ದೂರವಾಣಿಯಲ್ಲಿ ಮನೆಯವರ ದನಿ ಕೇಳಲಾಗದ ಕಾಲದಲ್ಲಿ?

ಜನರು ಊರು ಬಿಡಲು ಹಲವು ಕಾರಣಗಳಿವೆ. ಅವುಗಳಲ್ಲಿ ಒಂದು ಬಹಳ ಹಳೆಯದು: ಬೆಳೆ ಹಾಳಾಗುವುದು. ಮಳೆ ಬಾರದೆ ಬೆಳೆ ಹಾಳಾಗಬಹುದು. ರೋಗ ಬಂದು ಹಾಳಾಗಬಹುದು. ಕೀಟಗಳು ತಿಂದು ಹಾಳಾಗಬಹುದು. ಲೆಸ್ಲಿ ಕೋಲ್ಮನ್ ಅವರ ಜೀವನ ಈ ಕಾರಣದೊಂದಿಗೆ ಹೆಣೆದುಕೊಂಡಿದೆ. ರೈತರ ಬೆಳೆ ಉಳಿಯಲೆಂದು ಅವರು ತಮ್ಮ ದೇಶ ಬಿಟ್ಟು ನಮ್ಮ ನಾಡಿಗೆ ಬಂದರು.

ಕೆನಡಾದಿಂದ ಮೈಸೂರಿಗೆ

ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಅವರು 1878ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಹುಟ್ಟಿದರು. ಭೂಪಟದಲ್ಲಿ ಕೆನಡಾ ಎಲ್ಲಿದೆ ನೋಡಿ. ಉತ್ತರ ಅಮೆರಿಕ ಖಂಡದ ಮೇಲ್ಭಾಗದಲ್ಲಿ ಹರಡಿಕೊಂಡಿರುವ ದೊಡ್ಡ ದೇಶ ಅದು. ಚಳಿಗಾಲದಲ್ಲಿ ಅಲ್ಲಿ ನೆಲವೆಲ್ಲ ಹಿಮದಿಂದ ಮುಚ್ಚಿಹೋಗುತ್ತದೆ. ಗೋಧಿ, ಓಟ್ಸ್, ಸೇಬು ಅಲ್ಲಿಯ ಬೆಳೆಗಳು. ರಾಗಿ, ಜೋಳ, ಅಡಿಕೆಯ ಮಾತೇ ಇಲ್ಲ.

ಕೋಲ್ಮನ್ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಓದಿದರು. ಹೆಚ್ಚಿನ ಅಧ್ಯಯನಕ್ಕಾಗಿ ಸಮುದ್ರ ದಾಟಿ ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರು ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳನ್ನು ಕುರಿತು ಸಂಶೋಧನೆ ಮಾಡಿ ಡಾಕ್ಟರೇಟ್ ಪದವಿ ಪಡೆದರು. ಈ ಸೂಕ್ಷ್ಮಜೀವಿಗಳು ಕಣ್ಣಿಗೆ ಕಾಣದಷ್ಟು ಚಿಕ್ಕವು. ಆದರೆ ಅವು ಮಣ್ಣಿನಲ್ಲಿರುವ ಸಾರಜನಕದ ಸಂಯುಕ್ತಗಳನ್ನು ಗಿಡದ ಬೇರು ಹೀರಿಕೊಳ್ಳಬಲ್ಲ ನೈಟ್ರೇಟ್ ರೂಪಕ್ಕೆ ಬದಲಿಸುತ್ತವೆ. ನಾವು ಹೊಲಕ್ಕೆ ಹಾಕುವ ಕೊಟ್ಟಿಗೆ ಗೊಬ್ಬರ ಗಿಡಕ್ಕೆ ಆಹಾರವಾಗುವುದು ಇಂಥ ಜೀವಿಗಳ ದುಡಿಮೆಯಿಂದಲೇ.

ಆ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಕೃಷಿ ಸಂಶೋಧನೆ ಆಗತಾನೇ ಕಣ್ಣು ಬಿಡುತ್ತಿತ್ತು. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿ ವಿಲಾಸ ಸನ್ನಿಧಾನದವರು ರಾಜ್ಯಭಾರ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, 1899ರಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ಪ್ರಯೋಗಗಳಿಗೆ ಜಮೀನು ಕೊಡಲಾಗಿತ್ತು. ಮಣ್ಣಿನ ಪರೀಕ್ಷೆಗೆ ರಸಾಯನ ವಿಜ್ಞಾನಿ ಲೇಮನ್ ಅವರಿದ್ದರು. ಆದರೆ ಬೆಳೆಗೆ ಬರುವ ರೋಗ ಮತ್ತು ಕೀಟಗಳನ್ನು ಅರಿತವರು ಬೇಕಾಗಿತ್ತು. 1908ರಲ್ಲಿ ಆ ಕೆಲಸಕ್ಕೆ ಬಂದವರೇ ಕೋಲ್ಮನ್. ಆಗ ಅವರಿಗೆ ಮೂವತ್ತು ವರ್ಷ.

ಯೋಚಿಸಿ ನೋಡಿ. ಹುಟ್ಟಿದ ದೇಶ ಒಂದು, ಓದಿದ ದೇಶ ಇನ್ನೊಂದು, ಕೆಲಸ ಸಿಕ್ಕ ದೇಶ ಮತ್ತೊಂದು. ಬಂಧುಬಳಗವೆಲ್ಲ ಸಾವಿರಾರು ಮೈಲಿ ದೂರ. ಹಡಗಿನಲ್ಲಿ ಬರುವ ಕಾಗದಕ್ಕಾಗಿ ವಾರಗಟ್ಟಲೆ ಕಾಯಬೇಕು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಅವರು ಪುಸ್ತಕಗಳಲ್ಲಿ ಓದಿದ್ದ ಬೆಳೆಗಳೇ ಬೇರೆ, ಇಲ್ಲಿ ರೈತರು ಬೆಳೆಯುತ್ತಿದ್ದ ಬೆಳೆಗಳೇ ಬೇರೆ.

ಹೊಸ ನೆಲ, ಹೊಸ ಬೆಳೆ

ಅಂದಿನ ಮೈಸೂರು ಸಂಸ್ಥಾನದಲ್ಲಿ ಒಂದು ಅಚ್ಚರಿಯ ಸಂಗತಿಯಿತ್ತು. ಒಂದೇ ರಾಜ್ಯದೊಳಗೆ ಅತಿ ಹೆಚ್ಚು ಮಳೆಯ ನಾಡೂ ಇತ್ತು, ಅತಿ ಕಡಿಮೆ ಮಳೆಯ ನಾಡೂ ಇತ್ತು. ಮಲೆನಾಡಿನ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಚಿತ್ರದುರ್ಗದ ಕಡೆ ಬೀಳುವುದು ಸುಮಾರು 600 ಮಿಲಿಮೀಟರ್ ಮಾತ್ರ. ಕಾರಣವೇನು? ಅರಬ್ಬಿ ಸಮುದ್ರದಿಂದ ಬರುವ ಮೋಡಗಳನ್ನು ಪಶ್ಚಿಮ ಘಟ್ಟಗಳು ತಡೆದು ನಿಲ್ಲಿಸುತ್ತವೆ. ಘಟ್ಟದ ಮೇಲೆ ಮಳೆ ಸುರಿಸಿ ಹಗುರಾದ ಗಾಳಿ ನಮ್ಮ ಕಡೆಗೆ ಬರುತ್ತದೆ. ಆದ್ದರಿಂದಲೇ ಚಿತ್ರದುರ್ಗವನ್ನು ಮಳೆ ನೆರಳಿನ ಪ್ರದೇಶ ಎನ್ನುತ್ತಾರೆ.

ಮಳೆ ಕಡಿಮೆ ಇರುವ ಕಡೆ ಜನ ಏನು ಬೆಳೆಯುತ್ತಾರೆ? ಕಡಿಮೆ ನೀರಿನಲ್ಲಿ ಬದುಕಬಲ್ಲ ಜೋಳ, ರಾಗಿ, ಸಜ್ಜೆ, ನವಣೆ, ಹುರುಳಿ. ಇಲ್ಲಿ ಜೋಳ ಎಂದರೆ ರೊಟ್ಟಿಗೆ ಬಳಸುವ ಬಿಳಿ ಜೋಳ. ಇಂದು ನಮ್ಮ ಜಿಲ್ಲೆಯ ಹೊಲಗಳಲ್ಲಿ ಎಲ್ಲೆಡೆ ಕಾಣುವ ಮೆಕ್ಕೆಜೋಳವಲ್ಲ. ಆ ಕಾಲದಲ್ಲಿ ಜೋಳದ ಬೆಳೆ ಕೈಗೆ ಬಂದರೆ ಮನೆಯವರಿಗೆ ರೊಟ್ಟಿ, ದನಕರುಗಳಿಗೆ ಸೊಪ್ಪೆ. ಬೆಳೆ ಹೋದರೆ ಎರಡೂ ಇಲ್ಲ.

ಕೋಲ್ಮನ್ ಬರುವ ಹಿಂದಿನ ವರ್ಷವಷ್ಟೇ, 1907ರಲ್ಲಿ, ಹಿರಿಯೂರಿನ ಬಳಿ ವೇದಾವತಿ ನದಿಗೆ ಕಟ್ಟಿದ ಮಾರಿಕಣಿವೆ ಅಣೆಕಟ್ಟೆಯ ಕೆಲಸ ಮುಗಿದಿತ್ತು. ಅದೇ ವಾಣಿ ವಿಲಾಸ ಸಾಗರ. ಅದರಿಂದ ಹಿರಿಯೂರಿನ ಸುತ್ತಲಿನ ಒಂದಷ್ಟು ಹೊಲಗಳಿಗೆ ಕಾಲುವೆಯ ನೀರು ಬಂತು. ಉಳಿದ ಹೊಲಗಳೆಲ್ಲ ಆಕಾಶವನ್ನೇ ನಂಬಿದ್ದವು. ಅಂಥ ಹೊಲಗಳಲ್ಲಿ ಮಳೆಯೂ ಬಂದು ಬೆಳೆಯೂ ಎದ್ದು ನಿಂತಾಗ ಇನ್ನೊಂದು ಕಾಟ ಶುರುವಾಗುತ್ತಿತ್ತು. ಅದೇ ಜೋಳದ ಮಿಡತೆ.

ರೆಕ್ಕೆ ಇಲ್ಲದ ಮಿಡತೆಯ ಗುಟ್ಟು

ದಖ್ಖನಿನ ಒಣನಾಡಿನಲ್ಲಿ ಕಾಣುವ ಈ ಮಿಡತೆ ಅಂದಿನ ಚಿತ್ರದುರ್ಗ ಜಿಲ್ಲೆಯ ಜೋಳದ ಹೊಲಗಳಿಗೂ ನುಗ್ಗುತ್ತಿತ್ತು. ಮರಿಗಳು ಎಳೆಯ ಗರಿಗಳನ್ನು ಮೇಯುತ್ತಿದ್ದವು. ಬೆಳೆದ ಮಿಡತೆಗಳು ತೆನೆಯ ಕಾಳಿಗೂ ಬಾಯಿ ಹಾಕುತ್ತಿದ್ದವು. ರೈತರು ಇದಕ್ಕೆ ಏನು ಮಾಡಬೇಕು?

ಇಂದಿನಂತೆ ಅಂಗಡಿಯಲ್ಲಿ ಕೀಟನಾಶಕ ಸಿಗುವ ಕಾಲ ಅದಲ್ಲ. ಕೋಲ್ಮನ್ ಮೊದಲು ಔಷಧಿ ಹುಡುಕಲಿಲ್ಲ. ಮಿಡತೆಯ ಬದುಕನ್ನೇ ಓದತೊಡಗಿದರು. ಅದು ಎಲ್ಲಿ ಮೊಟ್ಟೆ ಇಡುತ್ತದೆ? ಮರಿ ಯಾವಾಗ ಹೊರಬರುತ್ತದೆ? ಎಷ್ಟು ಸಲ ಪೊರೆ ಕಳಚುತ್ತದೆ? ಏನನ್ನು ತಿನ್ನುತ್ತದೆ? ಯಾವ ತಿಂಗಳು ಸಾಯುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಸಿಗುವುದು ಪುಸ್ತಕದಲ್ಲಲ್ಲ, ಹೊಲದಲ್ಲಿ.

ಹೊಲದಲ್ಲಿ ಸಿಕ್ಕ ಉತ್ತರಗಳು ಹೀಗಿದ್ದವು. ಈ ಮಿಡತೆಯ ಸಂತತಿ ವರ್ಷಕ್ಕೆ ಒಂದೇ ಸಲ ಹುಟ್ಟುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಹೆಣ್ಣು ಮಿಡತೆ ಹೊಟ್ಟೆಯ ತುದಿಯನ್ನು ಮಣ್ಣಿನೊಳಗೆ ಇಳಿಸಿ ಮೊಟ್ಟೆಗಳನ್ನು ಗೊಂಚಲಾಗಿ ಇಡುತ್ತದೆ. ಬಳಿಕ ದೊಡ್ಡ ಮಿಡತೆಗಳು ಸಾಯುತ್ತವೆ. ಹೊಲದಲ್ಲಿ ಒಂದೂ ಮಿಡತೆ ಕಾಣುವುದಿಲ್ಲ. ಕಾಟ ಮುಗಿಯಿತು ಎಂದು ನಮಗೆ ಅನ್ನಿಸುತ್ತದೆ. ಆದರೆ ಮೊಟ್ಟೆಗಳು ಚಳಿಗಾಲ, ಬೇಸಿಗೆ ಎರಡನ್ನೂ ಮಣ್ಣಿನೊಳಗೆ ಕಳೆಯುತ್ತವೆ. ಮುಂಗಾರು ಮಳೆ ಬಿದ್ದು ನೆಲ ನೆನೆದಾಗ ಮರಿಗಳು ಹೊರಬರುತ್ತವೆ. ಅಷ್ಟು ಹೊತ್ತಿಗೆ ರೈತ ಬಿತ್ತಿದ ಜೋಳವೂ ಮೊಳೆತು ಎಳೆಯ ಗರಿ ಬಿಟ್ಟಿರುತ್ತದೆ. ಮರಿ ಹುಟ್ಟುವುದಕ್ಕೂ ಊಟ ಸಿದ್ಧವಾಗುವುದಕ್ಕೂ ಸರಿಯಾಗುತ್ತದೆ!

ಇನ್ನೊಂದು ಮುಖ್ಯ ಸಂಗತಿಯಿದೆ. ಈ ಮಿಡತೆಗೆ ದೊಡ್ಡದಾದ ಮೇಲೂ ಹಾರುವ ರೆಕ್ಕೆ ಬರುವುದಿಲ್ಲ. ರಾಜಸ್ಥಾನದ ಕಡೆ ಹಿಂಡುಹಿಂಡಾಗಿ ಹಾರಿಬರುವ ಮರುಭೂಮಿ ಮಿಡತೆಯ ಹಾಗೆ ಇದು ದೂರದಿಂದ ಬಂದದ್ದಲ್ಲ. ಇಲ್ಲೇ ಹುಟ್ಟಿ ಇಲ್ಲೇ ಸಾಯುವಂಥದ್ದು.

ಈ ಎರಡು ವಿಷಯಗಳಲ್ಲೇ ಪರಿಹಾರ ಅಡಗಿತ್ತು. ಹೇಗೆ ಎಂದು ನೀವೇ ಸ್ವಲ್ಪ ಯೋಚಿಸಿ.

ಮೊಟ್ಟೆ ಮಣ್ಣಿನಲ್ಲಿದ್ದರೆ ಕೊಯ್ಲಾದ ಮೇಲೆ ಹೊಲವನ್ನು ಉಳಬೇಕು. ಇದಕ್ಕೆ ನಮ್ಮ ರೈತರು ಮಾಗಿ ಉಳುಮೆ ಎನ್ನುತ್ತಾರೆ. ಮಣ್ಣು ಮಗುಚಿದಾಗ ಮೊಟ್ಟೆಯ ಗೊಂಚಲುಗಳು ಮೇಲೆ ಬೀಳುತ್ತವೆ. ಬಿಸಿಲಿಗೆ ಒಣಗುತ್ತವೆ, ಇಲ್ಲವೇ ಹಕ್ಕಿಗಳ ಪಾಲಾಗುತ್ತವೆ. ಅಷ್ಟರ ಮೇಲೂ ಹೊರಬಂದ ಮರಿಗಳನ್ನು ಬಟ್ಟೆಯ ದೊಡ್ಡ ಚೀಲಗಳನ್ನು ಹೊಲದ ಮೇಲೆ ಎಳೆದು ಹಿಡಿಯಬಹುದು. ಮಿಡತೆ ಹಾರಲಾರದು. ಆದ್ದರಿಂದ ಒಂದು ಊರಿನವರೆಲ್ಲ ಒಟ್ಟಾಗಿ ತಮ್ಮ ಹೊಲಗಳನ್ನು ಸ್ವಚ್ಛ ಮಾಡಿದರೆ ಆ ವರ್ಷ ಅದು ದೂರದಿಂದ ಮತ್ತೆ ಹಾರಿ ಬರುವ ಭಯವಿಲ್ಲ. ಒಬ್ಬನೇ ಮಾಡಿದರೆ ಪಕ್ಕದ ಹೊಲದಿಂದ ನೆಗೆದು ಬರುತ್ತದೆ. ಎಲ್ಲರೂ ಕೈಜೋಡಿಸಬೇಕು. ಕೋಲ್ಮನ್ ಈ ಮಿಡತೆಯ ಬಗ್ಗೆ 1911ರಲ್ಲಿ ಒಂದು ಪುಸ್ತಿಕೆಯನ್ನೇ ಬರೆದರು.

ಹೆಸರು ಬಂದ ಬಗೆ

ಹೊಸ ಕೀಟವೊಂದು ಸಿಕ್ಕಿದರೆ ಅದನ್ನು ಆ ವಿಷಯದ ಪರಿಣತರಿಗೆ ತೋರಿಸುವುದು ವಿಜ್ಞಾನಿಗಳ ರೂಢಿ. ಮಿಡತೆಗಳ ವಿಷಯದಲ್ಲಿ ಆಗ ಬಹಳ ಹೆಸರಾಗಿದ್ದವರು ಸ್ಪೇನ್ ದೇಶದ ಇಗ್ನಾಸಿಯೊ ಬೊಲಿವಾರ್. ನಮ್ಮ ಜೋಳದ ಮಿಡತೆಯನ್ನು ಅವರು ಪರೀಕ್ಷಿಸಿದರು. ಇದು ಯಾವ ಹಳೆಯ ಗುಂಪಿಗೂ ಸೇರದ ಮಿಡತೆ ಎಂದು ಕಂಡುಬಂತು. ಆದ್ದರಿಂದ 1910ರಲ್ಲಿ ಹೊಸ ಗುಂಪನ್ನೇ ಮಾಡಿ ಅದಕ್ಕೆ ಕೋಲ್ಮನ್ ಅವರ ಗೌರವಾರ್ಥ ಕೋಲ್ಮೇನಿಯ ಎಂದು ಹೆಸರಿಟ್ಟರು.

ಈ ಬೊಲಿವಾರ್ ಅವರ ಬದುಕಿನಲ್ಲೂ ಪರದೇಶದ ಕಥೆಯಿದೆ. ಸ್ಪೇನಿನಲ್ಲಿ ಅಂತರ್ಯುದ್ಧ ನಡೆದು 1939ರಲ್ಲಿ ಮುಗಿದಾಗ ಅವರು ದೇಶ ಬಿಡಬೇಕಾಯಿತು. ಆಗ ಅವರಿಗೆ 89ರ ಆಸುಪಾಸಿನ ವಯಸ್ಸು! ಮಗ ಕ್ಯಾಂಡಿಡೊ ಕೂಡ ಕೀಟವಿಜ್ಞಾನಿ. ಅಪ್ಪ, ಮಗ ಇಬ್ಬರೂ ಮೆಕ್ಸಿಕೊ ದೇಶವನ್ನು ಸೇರಿದರು. ಅಲ್ಲಿ ಆ ಮುದಿ ವಯಸ್ಸಿನಲ್ಲೂ ಬೊಲಿವಾರ್ ಸುಮ್ಮನೆ ಕೂರಲಿಲ್ಲ. ತಮ್ಮಂತೆಯೇ ದೇಶ ಬಿಟ್ಟು ಬಂದ ವಿಜ್ಞಾನಿಗಳೊಂದಿಗೆ ಸೇರಿ ಒಂದು ವಿಜ್ಞಾನ ಪತ್ರಿಕೆಯನ್ನು ಹೊರತಂದರು. 1944ರಲ್ಲಿ ಅಲ್ಲಿಯೇ ತೀರಿಕೊಂಡರು. ನಮ್ಮ ಹೊಲದ ಮಿಡತೆಯ ಹೆಸರಿನ ಹಿಂದೆ ಹೀಗೆ ಊರು ಬಿಟ್ಟ ಇಬ್ಬರು ಇದ್ದಾರೆ.

ಅಡಿಕೆಯ ಕೊಳೆರೋಗ

ಹೊಳಲ್ಕೆರೆ, ಹೊಸದುರ್ಗದ ಮಕ್ಕಳಿಗೆ ಅಡಿಕೆ ತೋಟ ಹೊಸದಲ್ಲ. ಚಿತ್ರದುರ್ಗದ ಬಳಿಯ ಭೀಮಸಮುದ್ರವಂತೂ ಅಡಿಕೆಗೆ ಹೆಸರುವಾಸಿ. ಆದರೆ ಕೋಲ್ಮನ್ ಕಾಲದಲ್ಲಿ ಅಡಿಕೆಯ ದೊಡ್ಡ ತೋಟಗಳಿದ್ದುದು ಮಲೆನಾಡಿನಲ್ಲಿ. ಅಲ್ಲಿ ಮಳೆಗಾಲ ಬಂತೆಂದರೆ ರೈತರಿಗೆ ದಿಗಿಲು. ಎಳೆಯ ಅಡಿಕೆ ಕಾಯಿಗಳ ಮೇಲೆ ನೀರು ತುಂಬಿದಂಥ ಕಲೆ ಮೂಡುತ್ತಿತ್ತು. ಕಾಯಿ ಕೊಳೆತು, ಬಿಳಿ ಬೂಷ್ಟು ಹಿಡಿದು, ಕೆಳಗೆ ಉದುರುತ್ತಿತ್ತು. ಕೆಲವೇ ವಾರಗಳಲ್ಲಿ ಕೊನೆಗೆ ಕೊನೆಯೇ ಬರಿದಾಗುತ್ತಿತ್ತು. ಇದೇ ಕೊಳೆರೋಗ.

ರೈತರು ಕೈಕಟ್ಟಿ ಕುಳಿತಿರಲಿಲ್ಲ. ಮಳೆಯ ನೀರು ತಾಗದಂತೆ ಅಡಿಕೆ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಮಳೆಗೂ ರೋಗಕ್ಕೂ ಸಂಬಂಧವಿದೆ ಎಂಬುದನ್ನು ಅವರು ಅನುಭವದಿಂದ ಅರಿತಿದ್ದರು. ಆದರೆ ಎತ್ತರದ ಮರ ಹತ್ತಿ ಪ್ರತಿ ಕೊನೆಗೂ ಕೊಟ್ಟೆ ಕಟ್ಟುವುದು ಬಹಳ ಶ್ರಮದ ಕೆಲಸ.

ಕೋಲ್ಮನ್ ಕೊಳೆತ ಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ರೋಗಕ್ಕೆ ಕಾರಣ ಫೈಟಾಫ್ತೊರ ಎಂಬ ಜೀವಿಯ ಒಂದು ಬಗೆ ಎಂದು 1910ರಲ್ಲಿ ತೋರಿಸಿಕೊಟ್ಟರು. ಗ್ರೀಕ್ ಭಾಷೆಯಿಂದ ಬಂದ ಈ ಹೆಸರಿಗೆ ಗಿಡವನ್ನು ನಾಶ ಮಾಡುವುದು ಎಂದು ಅರ್ಥ. ಆಗ ಇದನ್ನು ಶಿಲೀಂಧ್ರ ಎಂದು ತಿಳಿಯುತ್ತಿದ್ದರು. ಇದು ನೋಡಲು ಶಿಲೀಂಧ್ರದಂತಿದ್ದರೂ ಬೇರೆಯೇ ಗುಂಪಿನ ಜೀವಿ ಎಂದು ಇಂದಿನ ವಿಜ್ಞಾನಿಗಳು ಹೇಳುತ್ತಾರೆ. ಇದರ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ಕಾಯಿಯ ಮೇಲೆ ತೆಳುವಾಗಿ ನೀರು ನಿಂತರೂ ಸಾಕು, ಅವು ಈಜಿಕೊಂಡು ಹೋಗಿ ಕಾಯಿಯ ಒಳಗೆ ಇಳಿಯುತ್ತವೆ. ಮಳೆ ಹೆಚ್ಚಿರುವ ಮಲೆನಾಡಿನಲ್ಲಿ ಕೊಳೆರೋಗ ಏಕೆ ಹೆಚ್ಚು, ನಮ್ಮ ಒಣನಾಡಿನ ತೋಟಗಳಲ್ಲಿ ಏಕೆ ಕಡಿಮೆ ಎಂದು ಈಗ ತಿಳಿಯಿತಲ್ಲವೇ?

ಹಡಗು ಹತ್ತಿದ ಸಂಸಾರಗಳು

ಈ ಫೈಟಾಫ್ತೊರದ ಇನ್ನೊಂದು ಬಗೆ ಯುರೋಪಿನಲ್ಲಿ ದೊಡ್ಡ ಅನಾಹುತವನ್ನೇ ಮಾಡಿತ್ತು. ಐರ್ಲೆಂಡ್ ದೇಶದ ಬಡವರು ಆಲೂಗಡ್ಡೆಯನ್ನೇ ನಂಬಿ ಬದುಕುತ್ತಿದ್ದರು. 1845ರಲ್ಲಿ ಆಲೂಗಡ್ಡೆಗೆ ಅಂಗಮಾರಿ ರೋಗ ತಗಲಿತು. ಗಿಡಗಳು ಕಪ್ಪಾದವು, ನೆಲದೊಳಗಿನ ಗಡ್ಡೆಗಳು ಕೊಳೆತವು. ಮುಂದಿನ ವರ್ಷಗಳಲ್ಲೂ ಹೀಗೆಯೇ ಆಯಿತು. ಊಟವಿಲ್ಲದೆ, ರೋಗರುಜಿನ ಹತ್ತಿ ಸುಮಾರು ಹತ್ತು ಲಕ್ಷ ಜನ ಸತ್ತರು. ರೋಗ ಬೆಳೆಯನ್ನು ತಿಂದಿತು ನಿಜ. ಜೊತೆಗೆ ಆಗಿನ ಆಡಳಿತ ಸಾಕಷ್ಟು ನೆರವು ಕೊಡದೆ ಹೋದದ್ದರಿಂದ ಸಂಕಟ ಇನ್ನೂ ಹೆಚ್ಚಿತು.

ಇನ್ನೂ ಹತ್ತು ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟರು. ಗಂಡ, ಹೆಂಡತಿ, ಕೈಗೂಸುಗಳು ಹಡಗು ಹತ್ತಿ ಅಮೆರಿಕ, ಕೆನಡಾ, ಇಂಗ್ಲೆಂಡ್‌ಗಳಿಗೆ ಹೋದರು. ಹಡಗುಗಳಲ್ಲಿ ಜನ ಕಿಕ್ಕಿರಿದಿದ್ದರು, ಜ್ವರ ಹರಡುತ್ತಿತ್ತು. 1847ರಲ್ಲಿ ಕೆನಡಾದ ತೀರ ಸೇರುವ ಹೊತ್ತಿಗೆ ಸಾವಿರಾರು ಜನ ಪ್ರಾಣ ಬಿಟ್ಟರು. ಬದುಕಿ ಉಳಿದವರು ಕಾಲುವೆ ಅಗೆದರು, ರೈಲು ದಾರಿ ಹಾಕಿದರು, ಕಾಡು ಕಡಿದು ಹೊಲ ಮಾಡಿದರು. ಸಿಕ್ಕ ಕೆಲಸ ಹಿಡಿದು ಮಕ್ಕಳನ್ನು ಸಾಕಿದರು.

ಒಂದು ಗಿಡದ ರೋಗ ಎಷ್ಟು ಸಂಸಾರಗಳನ್ನು ಊರು ಬಿಡಿಸಬಲ್ಲದು ನೋಡಿದಿರಾ? ಬೆಳೆಯ ರೋಗವನ್ನು ಅರಿಯುವುದೆಂದರೆ ಗಿಡವನ್ನು ಉಳಿಸುವುದಷ್ಟೇ ಅಲ್ಲ. ಅದನ್ನು ನಂಬಿದ ಮನೆಯ ಒಲೆಯನ್ನು ಉರಿಸಿ ಇಡುವುದೂ ಹೌದು.

ಮೈಲುತುತ್ತ ಮತ್ತು ಸುಣ್ಣ

ಕಾರಣ ತಿಳಿದ ಮೇಲೆ ಕೋಲ್ಮನ್ ಔಷಧಿಯತ್ತ ತಿರುಗಿದರು. ಫ್ರಾನ್ಸಿನ ಬೋರ್ಡೊ ಊರಿನ ಸುತ್ತ ದ್ರಾಕ್ಷಿ ತೋಟಗಳಿವೆ. ಅಲ್ಲಿ ದ್ರಾಕ್ಷಿಯ ರೋಗ ತಡೆಯಲು ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ದ್ರಾವಣವನ್ನು 1880ರ ದಶಕದಿಂದ ಬಳಸುತ್ತಿದ್ದರು. ಅದಕ್ಕೆ ಬೋರ್ಡೊ ದ್ರಾವಣ ಎಂದು ಹೆಸರು. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್, ನೀಲಿ ಹರಳು. ತಾಮ್ರದ ಅಂಶವು ರೋಗದ ಬೀಜಕಣಗಳನ್ನು ಕೊಲ್ಲುತ್ತದೆ. ಆದರೆ ಮೈಲುತುತ್ತ ಒಂದನ್ನೇ ಸಿಂಪಡಿಸಿದರೆ ಗಿಡದ ಎಲೆ ಸುಟ್ಟುಹೋಗುತ್ತದೆ. ಏಕೆಂದರೆ ಅದರ ದ್ರಾವಣ ಆಮ್ಲೀಯ. ಸುಣ್ಣ ಪ್ರತ್ಯಾಮ್ಲೀಯ. ಎರಡೂ ಸೇರಿದಾಗ ಆಮ್ಲದ ಗುಣ ಕಳೆಯುತ್ತದೆ.

ಫ್ರಾನ್ಸಿನ ಔಷಧಿಯನ್ನು ಇದ್ದ ಹಾಗೆಯೇ ಮಲೆನಾಡಿಗೆ ತಂದರೆ ಸಾಕಾಗಲಿಲ್ಲ. ಇಲ್ಲಿಯ ಜಡಿಮಳೆಗೆ ಅದು ತೊಳೆದು ಹೋಗುವಂತಿತ್ತು. ಆದ್ದರಿಂದ ಕಾಯಿಗೆ ಅಂಟಿಕೊಳ್ಳುವಂತೆ ರಾಳವನ್ನು ಸೋಡಾದೊಂದಿಗೆ ಕಾಯಿಸಿ ದ್ರಾವಣಕ್ಕೆ ಬೆರೆಸುವ ವಿಧಾನ ಬಂತು. ಮಳೆಗಾಲ ಶುರುವಾಗುವ ಮೊದಲೇ ಒಂದು ಸಲ, ಮಳೆ ಬಿಡುವು ಕೊಟ್ಟಾಗ ಇನ್ನೊಂದು ಸಲ ಸಿಂಪಡಿಸಬೇಕು. ಮರ ಹತ್ತುವ ಕೊನೆಗಾರರ ನೆರವಿನಿಂದ ಈ ಕೆಲಸ ನಡೆಯಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದಿದೆ. ಇಂದಿಗೂ ಅಡಿಕೆ ಬೆಳೆಗಾರರು ಮಳೆಗಾಲಕ್ಕೆ ಮುಂಚೆ ಮೈಲುತುತ್ತ, ಸುಣ್ಣ ತಂದಿಟ್ಟುಕೊಳ್ಳುತ್ತಾರೆ.

ದ್ರಾವಣ ಸರಿಯಾಗಿದೆಯೇ ಎಂದು ತಿಳಿಯಲು ರೈತರು ಒಂದು ಸುಲಭ ಪರೀಕ್ಷೆ ಮಾಡುತ್ತಾರೆ. ಶುಚಿಯಾದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದುತ್ತಾರೆ. ಚಾಕುವಿನ ಮೇಲೆ ಕೆಂಪು ಬಣ್ಣ ಕೂತರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಎಂದರ್ಥ. ಆಗ ಮತ್ತಷ್ಟು ಸುಣ್ಣದ ನೀರು ಸೇರಿಸುತ್ತಾರೆ.

ಜೊತೆಗಾರ ಕುಂಞಿಕಣ್ಣನ್

ಪರಊರಿನಲ್ಲಿ ಕೆಲಸ ಸಾಗಬೇಕಾದರೆ ಒಳ್ಳೆಯ ಜೊತೆಗಾರರು ಬೇಕು. ಕೋಲ್ಮನ್ ಅವರಿಗೆ ಅಂಥ ಒಬ್ಬರು ಸಿಕ್ಕರು. ಅವರ ಹೆಸರು ಕೆ. ಕುಂಞಿಕಣ್ಣನ್. ಕೇರಳದ ಕಣ್ಣೂರಿನ ಕಡೆಯವರು. ಅವರಿಗೂ ಕನ್ನಡ ನಾಡು ಹೊಸದೇ. ಕೋಲ್ಮನ್ ಅವರ ಸಹಾಯಕರಾಗಿ ಕೀಟಗಳ ಅಧ್ಯಯನ ಮಾಡಿದರು. ಭತ್ತದ ಮಿಡತೆಯ ಬಗ್ಗೆ ಇಬ್ಬರೂ ಸೇರಿ ಬರೆದರು. ಮುಂದೆ ಕುಂಞಿಕಣ್ಣನ್ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೋಗಿ ಓದಿ ಡಾಕ್ಟರೇಟ್ ಪಡೆದು ಮರಳಿ ಬಂದರು. ಮೈಸೂರು ಸಂಸ್ಥಾನದ ಕೀಟಶಾಸ್ತ್ರಜ್ಞರಾದರು. ಅವರು 1931ರಲ್ಲಿ ತೀರಿಕೊಂಡರು.

ಒಬ್ಬರು ಕೆನಡಾದಿಂದ ಇಲ್ಲಿಗೆ ಬಂದರು. ಇನ್ನೊಬ್ಬರು ಇಲ್ಲಿಂದ ಅಮೆರಿಕಕ್ಕೆ ಹೋಗಿ ಬಂದರು. ತಿಳಿವಳಿಕೆ ಹೀಗೆಯೇ ಊರಿಂದ ಊರಿಗೆ, ದೇಶದಿಂದ ದೇಶಕ್ಕೆ ನಡೆಯುತ್ತದೆ.

ಕಟ್ಟಿ ಬಿಟ್ಟು ಹೋದದ್ದು

1913ರಲ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ರೈತರ ಮಕ್ಕಳು ಕೃಷಿಯನ್ನು ವಿಜ್ಞಾನವಾಗಿ ಕಲಿಯಲು ಅದು ದಾರಿಯಾಯಿತು. ಅದು ಬೆಳೆದು 1946ರಲ್ಲಿ ಕಾಲೇಜಾಯಿತು. 1964ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಬೇರು ಅಲ್ಲಿದೆ. ನಾವು ದಿನವೂ ಉಣ್ಣುವ ರಾಗಿಯ ತಳಿಗಳನ್ನು ಆರಿಸಿ ಉತ್ತಮಪಡಿಸುವ ಕೆಲಸವೂ ಕೋಲ್ಮನ್ ಕಾಲದಲ್ಲಿಯೇ ಮೊದಲಾಯಿತು.

ಸಂಸ್ಥಾನದ ಬೇರೆ ಬೇರೆ ಭಾಗಗಳ ಮಣ್ಣು, ಮಳೆ ಬೇರೆ ಬೇರೆ. ಆದ್ದರಿಂದ ಪ್ರಯೋಗದ ಹೊಲಗಳೂ ಬೇರೆ ಬೇರೆ ಕಡೆ ಇರಬೇಕು. ಹಿರಿಯೂರಿನ ಬಬ್ಬೂರು ಫಾರಂ ಅಂಥ ಹೊಲಗಳಲ್ಲಿ ಒಂದು. ಹಿರಿಯೂರಿನ ಕಡೆಯ ಮಣ್ಣಿಗೆ, ಬಿಸಿಲಿಗೆ ಯಾವ ಬೆಳೆ ಒಗ್ಗುತ್ತದೆ ಎಂಬುದನ್ನು ಹೆಬ್ಬಾಳದಲ್ಲಿ ಕುಳಿತು ಹೇಳಲಾಗದು. ಇಲ್ಲೇ ಬಿತ್ತಿ ನೋಡಬೇಕು. ಬಬ್ಬೂರು ಫಾರಂನಲ್ಲಿ ಇಂದಿಗೂ ಕೃಷಿ ಸಂಶೋಧನೆ ನಡೆಯುತ್ತಿದೆ. ಅವಕಾಶವಾದರೆ ನಿಮ್ಮ ಶಿಕ್ಷಕರೊಂದಿಗೆ ಹೋಗಿ ನೋಡಿ ಬನ್ನಿ.

ಶ್ರೀಗಂಧದ ಮರಗಳಿಗೆ ಬರುತ್ತಿದ್ದ ಸ್ಪೈಕ್ ರೋಗವನ್ನೂ ಕೋಲ್ಮನ್ ಅಭ್ಯಾಸ ಮಾಡಿದರು. ರೋಗದ ಮರದ ಕೊಂಬೆಯನ್ನು ಒಳ್ಳೆಯ ಗಿಡಕ್ಕೆ ಕಸಿ ಮಾಡಿದರೆ ಅದಕ್ಕೂ ರೋಗ ಹತ್ತುತ್ತದೆ ಎಂದು 1917ರಲ್ಲಿ ತಿಳಿಸಿದರು. ಕಾಫಿ ಬೆಳೆಗಾರರಿಗಾಗಿ 1925ರಲ್ಲಿ ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರ ನೆಲೆಗೊಂಡಿತು. ಮಂಡ್ಯದ ಕಡೆ ಕಾಲುವೆಯ ನೀರು ಹರಿದಾಗ ಕಬ್ಬು ಬೆಳೆಸಿ ಸಕ್ಕರೆ ಕಾರ್ಖಾನೆ ಮಾಡುವ ಕೆಲಸದಲ್ಲೂ ಅವರು ಮುಂದಾದರು. ಮಂಡ್ಯದ ಜನ ಇಂದಿಗೂ ಅವರ ಹೆಸರನ್ನು ನೆನೆಯುತ್ತಾರೆ.

1933ರಲ್ಲಿ ವಾಣಿ ವಿಲಾಸ ಸಾಗರ ಮೊದಲ ಸಲ ತುಂಬಿ ಕೋಡಿ ಹರಿಯಿತು. ಆಮೇಲೆ ಅದು ಕೋಡಿ ಬೀಳಲು 89 ವರ್ಷ, ಅಂದರೆ 2022ರವರೆಗೆ, ಕಾಯಬೇಕಾಯಿತು! ಆ ಮೊದಲ ಕೋಡಿಯ ಮರುವರ್ಷ, 1934ರಲ್ಲಿ, ಕೋಲ್ಮನ್ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. ಮೂವತ್ತರ ಹರೆಯದಲ್ಲಿ ಬಂದವರು ಹೋಗುವಾಗ ಐವತ್ತಾರರ ಹತ್ತಿರದಲ್ಲಿದ್ದರು. ದುಡಿಮೆಯ ಬದುಕಿನ ಬಹುಭಾಗವನ್ನು ಅವರು ಕನ್ನಡ ನಾಡಿನ ಹೊಲ, ತೋಟಗಳಲ್ಲಿ ಕಳೆದಿದ್ದರು. 1954ರಲ್ಲಿ ಅವರು ನಿಧನರಾದರು.

ಮಕ್ಕಳೇ, ಕೋಲ್ಮನ್ ಬಂದಾಗ ಅವರಿಗೆ ಜೋಳವೂ ಹೊಸದು, ಅಡಿಕೆಯೂ ಹೊಸದು. ಆದರೆ ನೋಡುವ ಕಣ್ಣು, ಕೇಳುವ ಪ್ರಶ್ನೆ ಅವರ ಜೊತೆಗಿದ್ದವು. ಕೆಲಸ ಗೊತ್ತಿದ್ದವರಿಗೆ, ಕಲಿಯುವ ಮನಸ್ಸಿದ್ದವರಿಗೆ ಹೊಸ ಊರೂ ನಿಧಾನವಾಗಿ ತಮ್ಮದಾಗುತ್ತದೆ. ನಿಮ್ಮ ಶಾಲೆಗೆ ಬೇರೆ ಊರಿನಿಂದ ಹೊಸ ಹುಡುಗ, ಹುಡುಗಿ ಬಂದರೆ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರ ಊರಿನ ಬೆಳೆ ಯಾವುದು, ಅದಕ್ಕೆ ಬರುವ ಹುಳು ಯಾವುದು ಎಂದು ಕೇಳಿ. ನಿಮಗೆ ತಿಳಿಯದ ಎಷ್ಟೋ ಸಂಗತಿ ಅವರಿಗೆ ತಿಳಿದಿರುತ್ತದೆ.

ನೀವೂ ಮಾಡಿ ನೋಡಿ

1. ಒಂದು ಮಿಡತೆಯನ್ನು ಮೆಲ್ಲಗೆ ಹಿಡಿದು ತೂತುಗಳಿರುವ ಮುಚ್ಚಳದ ಪಾರದರ್ಶಕ ಡಬ್ಬಿಯಲ್ಲಿಡಿ. ಒಂದಿಷ್ಟು ಹಸಿ ಹುಲ್ಲು ಹಾಕಿ. ಕಾಲುಗಳೆಷ್ಟು? ನೆಗೆಯಲು ಯಾವ ಕಾಲು ಬಳಸುತ್ತದೆ? ರೆಕ್ಕೆ ಇದೆಯೇ? ಬಾಯಿ ಹೇಗೆ ಅಲ್ಲಾಡುತ್ತದೆ? ಚಿತ್ರ ಬರೆಯಿರಿ. ಆಮೇಲೆ ಅದನ್ನು ಹಿಡಿದ ಜಾಗದಲ್ಲೇ ಬಿಟ್ಟುಬಿಡಿ.

2. ಮಾಗಿ ಉಳುಮೆ ಏಕೆ ಮಾಡುತ್ತಾರೆ ಎಂದು ಮನೆಯ ಹಿರಿಯರನ್ನು, ಊರಿನ ರೈತರನ್ನು ಕೇಳಿ. ಅವರು ಹೇಳುವ ಕಾರಣಗಳನ್ನು ಬರೆದುಕೊಳ್ಳಿ. ಉಳುವಾಗ ನೇಗಿಲು ಅಥವಾ ಟ್ರ್ಯಾಕ್ಟರಿನ ಹಿಂದೆ ಯಾವ ಯಾವ ಹಕ್ಕಿಗಳು ಬರುತ್ತವೆ ಎಂದು ಗಮನಿಸಿ.

3. ಭೂಪಟದಲ್ಲಿ ಒಂಟಾರಿಯೊ, ಗಟ್ಟಿಂಗೆನ್, ಬೆಂಗಳೂರು, ಹಿರಿಯೂರು ಗುರುತಿಸಿ. ಇವುಗಳನ್ನು ಗೆರೆಯಿಂದ ಜೋಡಿಸಿ. ದಾರಿಯಲ್ಲಿ ಯಾವ ಸಾಗರ, ಸಮುದ್ರಗಳು ಬರುತ್ತವೆ?

ಎಚ್ಚರಿಕೆ: ಮೈಲುತುತ್ತ ವಿಷ. ಬೋರ್ಡೊ ದ್ರಾವಣವನ್ನು ದೊಡ್ಡವರು ತಯಾರಿಸುವಾಗ ದೂರದಲ್ಲಿ ನಿಂತು ನೋಡಿ. ಮುಟ್ಟಬೇಡಿ.